ಸೈಕಲ್ಲಿನ ಹೊಟ್ಟೆ

ನನ್ನ ತಂಗಿಯ ಮೊಮ್ಮಗ ಮೈಸೂರಿನ ತಮ್ಮ ಮನೆಯ ಹಿತ್ತಿಲಿನಲ್ಲಿ ಬೈಸಿಕಲ್ಲೊಂದನ್ನು ಕಟ್ಟುತ್ತಿದ್ದಾನೆ. ಕಟ್ಟುತ್ತಿದ್ದಾನೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅಂಗಡಿಯಿಂದ ತಂದ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಅಲ್ಲ ಇದು. ಉಕ್ಕಿನ ಕೊಳವೆ, ಉಕ್ಕಿನ ತಗಡು, ಬೆಸುಗೆಯ ಯಂತ್ರ, ಎರಡು ಮೂರು ಅರಗಳು, ಗೀಚಿ ಗೀಚಿ ಹರಿದ ಕಾಗದ ಇವುಗಳ ನಡುವೆ ಕುಳಿತು ಚೌಕಟ್ಟನ್ನೇ ತಯಾರಿಸುತ್ತಿದ್ದಾನೆ. ರಸ್ತೆಯಿಲ್ಲದ ಗುಡ್ಡಗಾಡಿನಲ್ಲಿ ಬ್ಯಾಟರಿಯ ಬಲದಿಂದ ಓಡುವ ಸೈಕಲ್ಲಂತೆ. ನೋಡಲು ಹೋದ ನನಗೆ ಮೊದಲು ಕಂಡದ್ದು ಅದರ ಹೊಟ್ಟೆ. ಸೀಟಿನಿಂದ ಹ್ಯಾಂಡಲ್ಲಿನವರೆಗೆ ಕೊಳವೆಗಳಿರಬೇಕಾದ ಕಡೆ ಒಂದು ತಗಡಿನ ಪೆಟ್ಟಿಗೆ ಕುಳಿತಿತ್ತು.

“ಇದರಲ್ಲಿ ಒಳಪೆಡಲು ತುಳಿಯುವುದು ಹೇಗೋ?” ಎಂದೆ.

“ಒಳಪೆಡಲು ಅಂದ್ರೇನು ತಾತ?” ಎಂದ.

ನನ್ನ ವಯಸ್ಸಿನ ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸೈಕಲ್ಲು ದೊಡ್ಡವರ ಅಳತೆಯದು. ಸೀಟಿನ ಮೇಲೆ ಕುಳಿತರೆ ನಮ್ಮ ಕಾಲು ಪೆಡಲನ್ನು ಮುಟ್ಟುತ್ತಿರಲಿಲ್ಲ. ಮೇಲಿನ ಕೊಳವೆಯ ಕೆಳಗಿನಿಂದ ಒಂದು ಕಾಲನ್ನು ಆಚೆಗೆ ತೂರಿಸಿ, ಮೈಯನ್ನು ಕುಡುಗೋಲಿನಂತೆ ಬಗ್ಗಿಸಿ ತುಳಿಯುತ್ತಿದ್ದೆವು. ಕೊಳವೆಗಳ ನಡುವೆ ಇದ್ದ ಆ ಬಯಲೇ ನಮಗೆ ಸೈಕಲ್ಲಿನ ಹೆಬ್ಬಾಗಿಲು. ಅದನ್ನು ಮುಚ್ಚಿಬಿಟ್ಟಿರುವುದನ್ನು ಕಂಡು ನನಗೆ ಕೊಂಚ ಬೇಸರವೇ ಆಯಿತು. ಮನೆಗೆ ಬಂದು ಇದರ ಪೂರ್ವೋತ್ತರವನ್ನು ಹುಡುಕಿದಾಗ ತಿಳಿಯಿತು: ಹುಡುಗ ಮಾಡುತ್ತಿರುವುದು ಹೊಸದೇನಲ್ಲ. ಆ ಬಯಲಿನ ಮೇಲೆ ಕಣ್ಣುಹಾಕಿದವರು ನೂರಿಪ್ಪತ್ತೈದು ವರ್ಷಕ್ಕೂ ಹಿಂದೆಯೇ ಇದ್ದರು.

ಎರಡು ಗಾಲಿಗಳೂ ಹೆಚ್ಚುಕಡಮೆ ಒಂದೇ ಅಳತೆಯದಾಗಿ, ಹಿಂದಿನ ಗಾಲಿಯನ್ನು ಸರಪಳಿ ಎಳೆಯುವ ಸೈಕಲ್ಲನ್ನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ‘ರೋವರ್’ ಎಂಬ ಹೆಸರಿನಲ್ಲಿ ಹೊರತಂದದ್ದು 1885ರಲ್ಲಿ. ಅದರ ಚೌಕಟ್ಟು ಇಂದಿನ ರೂಪಕ್ಕೆ ಬಂದು ನಿಂತದ್ದು 1890ರ ಸುಮಾರಿಗೆ. ಮೂರು ಕಡ್ಡಿಗಳನ್ನು ತುದಿಗೆ ತುದಿ ಕಟ್ಟಿ ಒತ್ತಿ ನೋಡಿ, ಆಕಾರ ಕೆಡುವುದಿಲ್ಲ. ನಾಲ್ಕನ್ನು ಕಟ್ಟಿ ಒತ್ತಿದರೆ ಓರೆಯಾಗುತ್ತದೆ. ಚೌಕಟ್ಟಿನ ಗುಟ್ಟೆಲ್ಲ ಇಷ್ಟೇ. ಆದರೆ ಮುಂಭಾಗದ ಮುಕ್ಕೋನ ನಿಜವಾಗಿ ಮುಕ್ಕೋನವಲ್ಲ. ಹ್ಯಾಂಡಲ್ಲಿನ ಕಂಬ ತಿರುಗುವುದಕ್ಕೆಂದು ಮುಂದೆ ಒಂದು ಗಿಡ್ಡ ಕೊಳವೆ ಬೇಕು. ಅದು ನಾಲ್ಕನೆಯ ಭುಜ. ಈ ಕತ್ತೇ ಸೈಕಲ್ಲಿನ ಮರ್ಮಸ್ಥಾನ. ಮುಂದಿನ ಗಾಲಿ ಕಲ್ಲಿಗೆ ಬಡಿದಾಗ ಪೆಟ್ಟು ಫೋರ್ಕಿನ ಮೂಲಕ ಏರಿ ಬಂದು ಅಲ್ಲಿಯೇ ಅಪ್ಪಳಿಸುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ಮಾಡುವ ಮನೆತನಕ್ಕೆ ಸೇರಿದ ಆಲ್‌ಫ್ರೆಡ್ ರೆನಾಲ್ಡ್ಸ್, ನಡುವೆ ತೆಳ್ಳಗೆ, ತುದಿಗಳಲ್ಲಿ ಮಾತ್ರ ದಪ್ಪಗೆ ಇರುವ ಕೊಳವೆಗೆ 1897ರಲ್ಲಿ ಹಕ್ಕುಪತ್ರ ಪಡೆದದ್ದು ಇದನ್ನು ಅರಿತೇ. ಕೊಳವೆ ಮುರಿಯುವುದು ನಡುವಿನಲ್ಲಲ್ಲ, ಸಂದಿಯ ಬಳಿ.

ಅದೇ 1897ರ ಬೇಸಗೆಯಲ್ಲಿ ಅಮೆರಿಕದ ಮೊಂಟಾನಾ ಪ್ರಾಂತದ ಮಿಸೌಲದಿಂದ ಸೇಂಟ್ ಲೂಯಿ ನಗರಕ್ಕೆ ಇಪ್ಪತ್ತು ಜನ ನೀಗ್ರೋ ಸಿಪಾಯಿಗಳು, ಆ ಕಾಲದವರು ಅವರನ್ನು ಕರೆಯುತ್ತಿದ್ದುದು ಹಾಗೆ, ಜೇಮ್ಸ್ ಮಾಸ್ ಎಂಬ ಬಿಳಿಯ ಲೆಫ್ಟಿನೆಂಟನ ಹಿಂದೆ ಸೈಕಲ್ಲಿನಲ್ಲಿ ಹೊರಟರು. ಸುಮಾರು 1,900 ಮೈಲಿ. ಹಿಡಿದದ್ದು 41 ದಿನ. ಬೆಟ್ಟ, ಕೆಸರು, ಮರಳು, ರೈಲುಹಳಿಯ ಜಲ್ಲಿ ಎಲ್ಲವನ್ನೂ ತುಳಿದರು. ಆ ಯಾತ್ರೆಯ ಛಾಯಾಚಿತ್ರಗಳಲ್ಲಿ ನನ್ನ ಕಣ್ಣು ನಿಂತದ್ದು ಅವರ ಸೈಕಲ್ಲುಗಳ ಹೊಟ್ಟೆಯ ಮೇಲೆ. ನಮ್ಮ ಬಯಲಿನ ಅಳತೆಗೆ ಸರಿಯಾಗಿ ಹೊಂದುವ ಪೆಟ್ಟಿಗೆಯೊಂದನ್ನು ಅಲ್ಲಿ ಬಿಗಿದಿದ್ದಾರೆ! ಹೊರೆಯನ್ನು ಎರಡು ಗಾಲಿಗಳ ನಡುವೆ, ಆದಷ್ಟು ಕೆಳಗೆ ಇಟ್ಟರೆ ಸೈಕಲ್ಲು ಓಲಾಡದೆಂಬುದನ್ನು ಅವರ ಬೆನ್ನೇ ಅವರಿಗೆ ಕಲಿಸಿರಬೇಕು.

ಇದಕ್ಕೆ ಎರಡು ವರ್ಷ ಮೊದಲು, 1895ರ ಡಿಸೆಂಬರ್ 31ರಂದು, ಒಹಾಯೊ ಪ್ರಾಂತದ ಕ್ಯಾಂಟನ್ ಊರಿನ ಆಗ್ಡೆನ್ ಬೋಲ್ಟನ್ ಎಂಬಾತನಿಗೆ ವಿದ್ಯುತ್ ಬೈಸಿಕಲ್ಲಿನ ಹಕ್ಕುಪತ್ರ ದೊರಕಿತ್ತು. ಅದರ ನಕಾಶೆಯನ್ನು ಇಂದು ನೋಡಿದವರು ಬೆರಗಾಗದೆ ಇರಲಾರರು. ಮೋಟಾರು ಹಿಂದಿನ ಗಾಲಿಯ ನಟ್ಟನಡುವೆ, ಕಡ್ಡಿಗಳು ಸೇರುವ ಕಡೆಯಲ್ಲೇ ಅಡಗಿದೆ. ಸರಪಳಿ, ಹಲ್ಲುಗಾಲಿ ಯಾವುದೂ ಇಲ್ಲ. ಬ್ಯಾಟರಿಯ ಪೆಟ್ಟಿಗೆ ಮೇಲಿನ ಕೊಳವೆಯಿಂದ ತೂಗುತ್ತಿದೆ, ಆ ಬಯಲಿನಲ್ಲಿ. ನಮ್ಮ ಹುಡುಗ ತನ್ನ ಸ್ವಂತ ಬುದ್ಧಿಯೆಂದು ತಿಳಿದು ಹೆಮ್ಮೆಪಡುತ್ತಿದ್ದ ಏರ್ಪಾಡು ಇದೇ. ನಾನು ಚಿತ್ರವನ್ನು ತೋರಿಸಿದಾಗ ಅವನ ಮುಖ ಒಂದು ಗಳಿಗೆ ಬಾಡಿತು, ಆಮೇಲೆ ನಕ್ಕುಬಿಟ್ಟ.

ಬೋಲ್ಟನನ ಸೈಕಲ್ಲು ಲೋಕದಲ್ಲಿ ಹರಡದೆ ಹೋದದ್ದಕ್ಕೆ ಚೌಕಟ್ಟು ಕಾರಣವಲ್ಲ, ಸೀಸ ಕಾರಣ. ಅಂದಿನ ಬ್ಯಾಟರಿ ಎಂದರೆ ಸೀಸದ ಹಲಗೆಗಳೂ ಗಂಧಕಾಮ್ಲವೂ. ಹೊತ್ತವನನ್ನು ಸ್ವಲ್ಪ ದೂರ ಒಯ್ಯುವಷ್ಟು ಬಲ ಬೇಕಾದರೆ ಬ್ಯಾಟರಿಯನ್ನೇ ಒಯ್ಯುವುದಕ್ಕೆ ಇನ್ನೊಂದು ಬಂಡಿ ಬೇಕೆನ್ನುವ ಸ್ಥಿತಿ. ಅಷ್ಟರಲ್ಲಿ ಪೆಟ್ರೋಲಿನ ಯಂತ್ರ ಬಂದು ಅದೇ ಬಯಲನ್ನು ಆಕ್ರಮಿಸಿತು. ಅಂಥ ಸೈಕಲ್ಲಿಗೆ ಮೋಟಾರ್‌ಸೈಕಲ್ಲೆಂದು ಹೆಸರಾಯಿತು. ಕೊಳವೆಗಳ ನಡುವಿನ ಜಾಗ ಮತ್ತೆ ನಮ್ಮಂಥ ಹುಡುಗರ ಕಾಲಿಗೆ ಉಳಿಯಿತು.

ಇನ್ನು ಗುಡ್ಡಗಾಡಿನ ಸೈಕಲ್ಲಿನ ಕಥೆ. 1953ರಲ್ಲಿ ಕ್ಯಾಲಿಫೋರ್ನಿಯದ ಜಾನ್ ಫಿನ್ಲೆ ಸ್ಕಾಟ್ ಎಂಬ ವಿದ್ಯಾರ್ಥಿ ಒಂದು ಸಾಮಾನ್ಯ ಚೌಕಟ್ಟಿಗೆ ದಪ್ಪ ಟೈರು, ನೇರವಾದ ಹ್ಯಾಂಡಲ್ಲು, ಗೇರು ಇವನ್ನೆಲ್ಲ ಕೂಡಿಸಿ ಕಾಡಿನ ಸೈಕಲ್ಲು ಮಾಡಿಕೊಂಡ. ಹಿಂಬಾಲಿಸುವವರು ಸಿಗಲಿಲ್ಲ. ಮರುವರ್ಷವೇ ವಿಯೆಟ್ನಾಮಿನ ದಿಯೆನ್ ಬಿಯೆನ್ ಫೂ ಕಾಳಗದಲ್ಲಿ, ಬಿದಿರಿನ ಕಂಬಗಳನ್ನು ಹ್ಯಾಂಡಲ್ಲಿಗೂ ಸೀಟಿಗೂ ಕಟ್ಟಿ, ಒಂದೊಂದರ ಮೇಲೆ ಇನ್ನೂರು ಕಿಲೋವರೆಗೆ ಅಕ್ಕಿಯನ್ನೂ ಮದ್ದುಗುಂಡನ್ನೂ ಹೇರಿ, ಕಾಡಿನೊಳಗೆ ತಳ್ಳಿಕೊಂಡು ಹೋದ ಸಾವಿರಾರು ಸೈಕಲ್ಲುಗಳಿದ್ದವು. ಅವುಗಳ ಮೇಲೆ ಯಾರೂ ಕೂರಲಿಲ್ಲ. ಹೊಟ್ಟೆ ತುಂಬ ಹೊರೆ. ಮನುಷ್ಯ ಪಕ್ಕದಲ್ಲಿ ನಡೆಯುವವನು.

ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಮರಿನ್ ಎಂಬ ಬೆಟ್ಟಸೀಮೆಯಲ್ಲಿ 1970ರ ದಶಕದಲ್ಲಿ ನಡೆದದ್ದು ಮಾತ್ರ ಆಟಕ್ಕಾಗಿ. ಅಲ್ಲಿನ ತರುಣರು 1930ರ ದಶಕದ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಹೆಕ್ಕಿ ತಂದು ಬೆಟ್ಟದಿಂದ ಕೆಳಗೆ ಓಡಿಸುತ್ತಿದ್ದರು. ಅವುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯುವ ಬ್ರೇಕು. ಫೇರ್‌ಫ್ಯಾಕ್ಸ್ ಊರಿನ ಬಳಿ ಒಂದು ಇಳಿಜಾರು. ಎರಡು ಮೈಲಿಯಷ್ಟರಲ್ಲಿ 1,300 ಅಡಿ ಇಳಿಯುತ್ತದೆ. ತಳ ಮುಟ್ಟುವಷ್ಟರಲ್ಲಿ ಬ್ರೇಕಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಆದುದರಿಂದ ಆ ಇಳಿಜಾರಿಗೇ ‘ರೀಪ್ಯಾಕ್’, ಮತ್ತೆ ತುಂಬು, ಎಂಬ ಹೆಸರು ಬಂತು. 1976ರ ಅಕ್ಟೋಬರಿನಲ್ಲಿ ಅಲ್ಲಿ ಪಂದ್ಯ ಪ್ರಾರಂಭವಾಯಿತು. ಗ್ಯಾರಿ ಫಿಶರ್ ಎಂಬವನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿನ ದಾಖಲೆ. ಗ್ರೀಸು ಹೋದರೆ ಚಿಂತೆಯಿಲ್ಲ, ಇಪ್ಪತ್ತು ಡಾಲರೂ ಬಾಳದ ಮುದಿ ಚೌಕಟ್ಟುಗಳು ಮುರಿಯುತ್ತಿದ್ದವು. ಓಡುತ್ತಿರುವಾಗ ಚೌಕಟ್ಟು ಮುರಿಯುವುದೆಂದರೆ ಏನೆಂದು ಬಲ್ಲವರು ಬಲ್ಲರು.

ಪಂದ್ಯ ನಡೆಸುತ್ತಿದ್ದ ಚಾರ್ಲಿ ಕೆಲಿ, ತನಗೊಂದು ಹೊಸ ಚೌಕಟ್ಟು ಬೇಕೆಂದು ಗೆಳೆಯ ಜೋ ಬ್ರೀಜ್‌ನನ್ನು ಕೇಳಿದ. ಬ್ರೀಜ್ ಸ್ವತಃ ಆ ಇಳಿಜಾರಿನ ಗಟ್ಟಿ ಸವಾರ. ಆಲ್ಬರ್ಟ್ ಐಸೆನ್‌ಟ್ರೌಟ್ ಎಂಬ ಕುಶಲಕರ್ಮಿಯ ಬಳಿ ಚೌಕಟ್ಟು ಕಟ್ಟುವುದನ್ನು ಕಲಿತಿದ್ದವನು. 1977ರಲ್ಲಿ ಆತ ವಿಮಾನಕ್ಕೆ ಬಳಸುವ ಕ್ರೋಮ್-ಮಾಲಿಬ್ಡಿನಂ ಉಕ್ಕಿನ ಕೊಳವೆ ತಂದ. ಅಳತೆಗಳಿಗೆ ಆ ಹಳೆಯ ಶ್ವಿನ್ನನ್ನೇ ಅನುಸರಿಸಿದ. ಬೆಟ್ಟದಲ್ಲಿ ಅದರ ನಡೆ ಪಳಗಿದ್ದಲ್ಲವೆ? ಆದರೆ ಕತ್ತಿನಿಂದ ಹೊರಟು, ಸೀಟಿನ ಕೊಳವೆಯ ಇಕ್ಕೆಲಗಳಲ್ಲಿ ಹಾದು, ಹಿಂದಿನ ಗಾಲಿಯ ಅಚ್ಚಿನವರೆಗೆ ಸಾಗುವ ಎರಡು ತೆಳು ಕೊಳವೆಗಳನ್ನು ಹೆಚ್ಚಿಗೆ ಸೇರಿಸಿದ. ನಮ್ಮ ಬಯಲಿನಲ್ಲಿ ಅಡ್ಡಲಾಗಿ ಹಾಕಿದ ಎರಡು ತೊಲೆಗಳೆನ್ನಿ. ಹೊಟ್ಟೆಯೊಳಗೆ ಹೊರೆಯ ಬದಲು ಬಲವನ್ನೇ ಇಟ್ಟ ಹಾಗಾಯಿತು. ಮುಂದಿನ ವರ್ಷದ ಹೊತ್ತಿಗೆ ಅಂಥ ಹತ್ತು ಸೈಕಲ್ಲುಗಳು ಸಿದ್ಧವಾದವು. ಕೇವಲ ಹತ್ತು! ಅವುಗಳಲ್ಲಿ ಮೊದಲನೆಯದು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು. 1979ರಲ್ಲಿ ಇನ್ನೊಬ್ಬ ತರುಣ ಟಾಮ್ ರಿಚಿ, ಹದಿಹರೆಯದಲ್ಲೇ ಮನೆಯ ಗ್ಯಾರೇಜಿನಲ್ಲಿ ಚೌಕಟ್ಟು ಕಟ್ಟತೊಡಗಿದ್ದವನು, ಫಿಶರ್ ಮತ್ತು ಕೆಲಿಯರ ಹೊಸ ಅಂಗಡಿಗೆ ಚೌಕಟ್ಟುಗಳನ್ನು ಒದಗಿಸಿದ. 1981ರಲ್ಲಿ ಒಂದು ಕಂಪನಿ ಜಪಾನಿನಲ್ಲಿ ಅಂಥವನ್ನು ರಾಶಿಯಾಗಿ ಮಾಡಿಸಿತು. 1996ರಲ್ಲಿ ಅಟ್ಲಾಂಟದ ಒಲಿಂಪಿಕ್ಸಿಗೂ ಈ ಆಟ ಸೇರಿತು. ದೊಡ್ಡ ಕಾರ್ಖಾನೆಗಳ ಕಣ್ಣಿಗೆ ಬೀಳುವ ಮೊದಲು ಅದನ್ನು ಬೆಳೆಸಿದವರು ಈ ಗ್ಯಾರೇಜುಗಳ ಹುಡುಗರು.

ಬೋಲ್ಟನನ ಕನಸೂ ಬ್ರೀಜ್‌ನ ಕೊಳವೆಯೂ ಒಂದುಗೂಡಲು ಸೀಸ ತೊಲಗಬೇಕಾಗಿತ್ತು. 1980ರ ದಶಕದಲ್ಲಿ ನಿಯೋಡಿಮಿಯಂ ಆಯಸ್ಕಾಂತ ಬಂದು ಮೋಟಾರು ಚಿಕ್ಕದಾಯಿತು; 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂತು. ಅಷ್ಟೇ ತೂಕಕ್ಕೆ ಅದು ಸೀಸದ ಬ್ಯಾಟರಿಯ ನಾಲ್ಕೈದು ಪಾಲು ಶಕ್ತಿಯನ್ನು ಹಿಡಿದಿಡಬಲ್ಲದು. ಹುಡುಗರು ಮತ್ತೆ ಗ್ಯಾರೇಜು ಹೊಕ್ಕರು. ಬೆಟ್ಟ ಹತ್ತುವಷ್ಟು ಬ್ಯಾಟರಿಯನ್ನು ಕೊಳವೆಗೆ ತೂಗುಹಾಕಿದರೆ ಕುಲುಕಾಟಕ್ಕೆ ಉಳಿಯದು. ಆದ್ದರಿಂದ ಕೊಳವೆಗಳನ್ನೇ ಬಿಟ್ಟು, ತಗಡನ್ನು ಕತ್ತರಿಸಿ ಬೆಸೆದು, ಪೆಟ್ಟಿಗೆಯನ್ನೇ ಚೌಕಟ್ಟಾಗಿಸಿದರು. ನಮ್ಮ ಹಿತ್ತಿಲಿನಲ್ಲಿರುವುದು ಆ ಜಾತಿಯದು.

ನಾನು ಬೆಸುಗೆಗಾರನಲ್ಲ, ಆದರೂ ಹುಡುಗನನ್ನು ಕೆಲವು ಪ್ರಶ್ನೆ ಕೇಳಿದೆ. ಅಲ್ಯೂಮಿನಿಯಂ ಹಗುರವಲ್ಲವೆ, ಉಕ್ಕೇಕೆ? ಅಲ್ಯೂಮಿನಿಯಂ ಬೆಸುಗೆಯ ಶಾಖಕ್ಕೆ ಮೆತ್ತಗಾಗುತ್ತದಂತೆ. ಮತ್ತೆ ಗಟ್ಟಿಯಾಗಬೇಕಾದರೆ ಇಡೀ ಚೌಕಟ್ಟನ್ನು ಕುಲುಮೆಯಲ್ಲಿ ಹದಮಾಡಬೇಕು, ಅದು ಮನೆಯಲ್ಲಿ ಆಗದು. ಹಿಂದಿನ ಅಚ್ಚು ಕೂರುವ ಕಡೆ ಅಷ್ಟು ದಪ್ಪನೆಯ ತುಂಡು ಏಕೆ? ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚು ಹಿಂದಕ್ಕೆ ತಿರುಗಲು ಹವಣಿಸುತ್ತದೆ; ಹಿಡಿತ ತಪ್ಪಿದರೆ ಅಚ್ಚು ಸುತ್ತಿಕೊಂಡು ತಂತಿಗಳೆಲ್ಲ ತುಂಡಾಗುತ್ತವೆ. ಉತ್ತರಗಳು ಸಮರ್ಪಕವಾಗಿದ್ದವು. ನಮ್ಮ ದೇಶದ ನಿಯಮದಂತೆ 250 ವ್ಯಾಟಿಗಿಂತ ಕಡಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿನೊಳಗೆ ಓಡುವ ಬ್ಯಾಟರಿ ಗಾಡಿಗೆ ಮಾತ್ರ ನೋಂದಣಿಯ ವಿನಾಯಿತಿ. ಇವನ ಮೋಟಾರು ಆ ಗೆರೆಯನ್ನು ದಾಟಿದ್ದು. ಆದಕಾರಣ ಸೋದರಮಾವನ ತೋಟದೊಳಗೆ ಮಾತ್ರ ಓಡಿಸತಕ್ಕದ್ದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ಕೊನೆಗೆ ಕತ್ತಿನ ಬಳಿ ಬಂದೆ. ಬೆಸುಗೆಯ ಗೆರೆ ಹೊರಗಿನಿಂದ ಬಹಳ ಚೆಲುವಾಗಿತ್ತು. “ಒಳಗೆ ಇಳಿದಿದೆಯೇನೋ?” ಎಂದೆ. ಅವನು ಉತ್ತರ ಕೊಡದೆ ಬೆರಳಿನಿಂದ ಅದನ್ನು ಸವರುತ್ತ ನಿಂತ.

ಮುಂದಿನ ವಾರ ಅವನ ತಾಯಿ ಫೋನು ಮಾಡಿದಳು. ಮೂರು ತಿಂಗಳ ಕೆಲಸವನ್ನು ಕತ್ತಿನ ಬಳಿ ಗರಗಸದಿಂದ ಕೊಯ್ದು ಹಾಕಿದ್ದಾನಂತೆ. ಒಳಬದಿಯಲ್ಲಿ ಎರಡು ಅಂಗುಲದಷ್ಟು ಉದ್ದಕ್ಕೆ ಬೆಸುಗೆ ಹಿಡಿದೇ ಇರಲಿಲ್ಲ. ಪರಿಚಯದ ಬೆಸುಗೆಗಾರರೊಬ್ಬರ ಬಳಿ ಸಂಜೆ ಹೊತ್ತು ಕಲಿಯಲು ಹೋಗುತ್ತಿದ್ದಾನೆ. ಬ್ಯಾಟರಿ ಇನ್ನೂ ಬಂದಿಲ್ಲ; ಸದ್ಯಕ್ಕೆ ಆ ಹೊಟ್ಟೆಯಲ್ಲಿ ಅವನ ಅರ, ಸ್ಪ್ಯಾನರುಗಳಿವೆ.