ಕಪ್ಪು ಕಾರಿನ ಬಣ್ಣ: ಕೊಪ್ಪಳದ ದೂಳಿನಲ್ಲಿ ರಕ್ಷಣೆ ಹೇಗೆ?

ಹೊಸ ಕಪ್ಪು ಕಾರಿನ ಹೊಳಪನ್ನು ಹೆಚ್ಚಾಗಿ ಕೆಡಿಸುವುದು ಮಾಲೀಕರ ಕೈಯಲ್ಲಿರುವ ಒಣಬಟ್ಟೆ. ಮುಂಜಾನೆ ದೂಳು ಒರೆಸಿ ಹೊರಡುವ ರೂಢಿ ಕೊಪ್ಪಳ ಜಿಲ್ಲೆಯಲ್ಲಿ ದುಬಾರಿಯಾಗಿ ಪರಿಣಮಿಸುತ್ತದೆ.

ಬಣ್ಣದ ರಚನೆ

ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಅಂದರೆ ತಲೆಗೂದಲಿಗಿಂತ ತೆಳು. ಇದರ ಮೇಲಿನ ಸೂಕ್ಷ್ಮ ಗೀರುಗಳು ಬಿಳಿ ಕಾರಿನಲ್ಲಿ ಕಾಣುವುದಿಲ್ಲ; ಕಪ್ಪು ಕಾರಿನಲ್ಲಿ ಬಿಸಿಲಿಗೆ ಜೇಡರಬಲೆಯಂತೆ ಎದ್ದು ಕಾಣುತ್ತವೆ. ಪಾಲಿಶ್ ಮಾಡಿದಾಗ ಗೀರು ಮಾಯವಾಗುವುದು ಆ ಪದರವೇ ಸವೆಯುವುದರಿಂದ. ಆದ್ದರಿಂದ ಪದೇ ಪದೇ ಪಾಲಿಶ್ ಸಲ್ಲದು.

ತಾಲ್ಲೂಕಿಗೊಂದು ದೂಳು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಉರಿಯುವ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ. ಕುಷ್ಟಗಿ ಭಾಗದ ಗ್ರಾನೈಟ್ ಕಲ್ಲುಪುಡಿಯಲ್ಲಿ ಬಣ್ಣಕ್ಕಿಂತ ಗಟ್ಟಿಯಾದ ಸ್ಫಟಿಕಶಿಲೆಯ ಕಣಗಳಿರುತ್ತವೆ. ಯಲಬುರ್ಗಾದ ಎರೆಮಣ್ಣು ಮಳೆಗಾಲದಲ್ಲಿ ಅಂಟಿ ಒಣಗಿದರೆ ಕೆರೆದು ತೆಗೆಯಬಾರದು, ನೆನೆಸಿಯೇ ತೆಗೆಯಬೇಕು. ಕೊಪ್ಪಳ ಸಮೀಪದ ಗಿಣಿಗೇರಾದಂತಹ ಕಬ್ಬಿಣದ ಕಾರ್ಖಾನೆಗಳಿರುವ ಪ್ರದೇಶದಲ್ಲಿ ಲೋಹದ ಕಣಗಳು ಬಣ್ಣಕ್ಕೆ ಕಚ್ಚಿಕೊಂಡು ತುಕ್ಕು ಹಿಡಿಯಬಹುದು. ತೊಳೆದ ಮೇಲೂ ಮೇಲ್ಮೈ ಕೈಗೆ ಒರಟಾಗಿ ತಾಗಿದರೆ ಕಾರಿನ ಬಣ್ಣಕ್ಕೆಂದೇ ದೊರೆಯುವ ಕ್ಲೇ ಬಾರ್ ಬಳಸಬೇಕು.

ತೊಳೆಯುವ ಕ್ರಮ

* ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ತೊಳೆಯಬೇಕು. ಬಿಸಿ ತಗಡಿನ ಮೇಲೆ ಬೋರ್‌ವೆಲ್‌ನ ಗಡಸು ನೀರು ಬೇಗನೆ ಆರಿ ಸುಣ್ಣದ ಬಿಳಿ ಕಲೆ ಉಳಿಸುತ್ತದೆ.
* ಮೊದಲು ಬರಿಯ ನೀರು ಹಾಯಿಸಿ ದೂಳು ಇಳಿಸಬೇಕು.
* ಕಾರ್ ಶಾಂಪೂವಿಗೆ ಒಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇರಲಿ. ಬಟ್ಟೆ ಒಗೆಯುವ ಪುಡಿ ಮೇಣದ ಲೇಪವನ್ನು ಕಿತ್ತುಹಾಕುತ್ತದೆ.
* ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಡ ಹಾಕದೆ ನೀರು ಹೀರಿಸಬೇಕು. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಳಸಬಾರದು.

ಹಕ್ಕಿಯ ಹಿಕ್ಕೆಯನ್ನು ಅದೇ ದಿನ ನೆನೆಸಿ ತೆಗೆಯುವುದು ಕ್ಷೇಮ. ಆಯುಧಪೂಜೆಯಂದು ಹಚ್ಚಿದ ಅರಿಶಿನ, ಕುಂಕುಮ, ನಿಂಬೆರಸವನ್ನು ಸಂಜೆಯೊಳಗೆ ನೀರು ಹಾಯಿಸಿ ತೊಳೆಯಬೇಕು.

ಲೇಪಗಳು

ಮೇಣದ ಲೇಪ ಅಗ್ಗ. ಈ ಬಿಸಿಲಿಗೆ ಕೆಲವೇ ವಾರ ಬಾಳುತ್ತದೆ. ಸೆರಾಮಿಕ್ ಲೇಪ ಹೆಚ್ಚು ಕಾಲ ಬಾಳುತ್ತದೆ, ದೂಳು ಸುಲಭವಾಗಿ ಜಾರುತ್ತದೆ. ಆದರೆ ಹಾರಿಬರುವ ಜಲ್ಲಿಕಲ್ಲಿನ ಏಟನ್ನು ತಡೆಯದು. ಅದಕ್ಕೆ ಪಾಲಿಯುರೆಥೇನ್ ರಕ್ಷಣಾ ಹಾಳೆಯೇ ಬೇಕು. ಹೆದ್ದಾರಿಯಲ್ಲಿ ನಿತ್ಯ ಓಡಾಡುವವರು ಬಾನೆಟ್ ಮತ್ತು ಮುಂಭಾಗದ ಬಂಪರಿಗಷ್ಟೇ ಹಾಕಿಸಿದರೂ ಪ್ರಯೋಜನವಿದೆ. ದೂಳು ಕುಳಿತ ಕಾರಿಗೆ ಹೊದಿಕೆ ಹಾಕಬಾರದು. ಗಾಳಿಗೆ ಅಲುಗಾಡುವ ಹೊದಿಕೆಯೂ ಒಣಬಟ್ಟೆಯಂತೆಯೇ ಗೀರು ಎಳೆಯುತ್ತದೆ.