ಸ್ಪೆರಾನ್ಸ್ಕಿ: ಸೈಬೀರಿಯಕ್ಕೆ ಕಾನೂನು ಬರೆದ ಗವರ್ನರ್

ರಷ್ಯದ ಇತಿಹಾಸವನ್ನು ನಾವು ಬಹುಮಟ್ಟಿಗೆ ಝಾರರ ಕಥೆಯಾಗಿ, ಇಲ್ಲವೇ ಕ್ರಾಂತಿಕಾರರ ಕಥೆಯಾಗಿ ಓದಿಕೊಂಡು ಬಂದಿದ್ದೇವೆ. ದೂರದ ಪ್ರಾಂತ್ಯಗಳನ್ನು ಆಳಿದ ಗವರ್ನರುಗಳತ್ತ ನಮ್ಮ ಗಮನ ಹರಿಯುವುದು ಕಡಿಮೆ. ಅಂಥವರಲ್ಲಿ ಒಬ್ಬನಾದ ಮಿಖಾಯಿಲ್ ಸ್ಪೆರಾನ್ಸ್ಕಿಯ ಬದುಕು ಒಂದು ಹಳೆಯ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ: ಪ್ರಜೆಗೆ ರಕ್ಷಣೆ ದೊರೆಯುವುದು ಒಳ್ಳೆಯ ಅಧಿಕಾರಿಯಿಂದಲೋ, ಒಳ್ಳೆಯ ಕಾನೂನಿನಿಂದಲೋ?

ಸ್ಪೆರಾನ್ಸ್ಕಿ ಹುಟ್ಟಿದ್ದು 1772ರಲ್ಲಿ, ವ್ಲಾದಿಮಿರ್ ಪ್ರಾಂತ್ಯದ ಚೆರ್ಕುತಿನೊ ಎಂಬ ಹಳ್ಳಿಯ ಪಾದ್ರಿಯ ಮಗನಾಗಿ. ಕುಲದ ಬಲವಿಲ್ಲದೆ, ಬುದ್ಧಿಬಲದಿಂದಲೇ ಮೇಲೇರಿ ಒಂದನೆಯ ಅಲೆಕ್ಸಾಂಡರನ ಆಪ್ತ ಸಲಹೆಗಾರನಾದ. ಚುನಾಯಿತ ದೂಮಾಗಳನ್ನೊಳಗೊಂಡ ಆಡಳಿತ ಯೋಜನೆಯೊಂದನ್ನು 1809ರಲ್ಲಿ ಸಿದ್ಧಪಡಿಸಿದ. ಅದರಲ್ಲಿ ಮುಖ್ಯವಾಗಿ ಕೈಗೂಡಿದ್ದು 1810ರ ರಾಜ್ಯ ಪರಿಷತ್ತು ಮಾತ್ರ. ಮೇಲ್ದರ್ಜೆಯ ಹುದ್ದೆಗಳಿಗೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು ಕುಲೀನರನ್ನು ಕೆರಳಿಸಿತು. 1812ರ ಮಾರ್ಚ್ ತಿಂಗಳ ಒಂದು ರಾತ್ರಿ, ಅರಮನೆಯಿಂದ ಹಿಂದಿರುಗಿದವನನ್ನು ಯಾವ ವಿಚಾರಣೆಯೂ ಇಲ್ಲದೆ ಗಡೀಪಾರು ಮಾಡಲಾಯಿತು. ಕಾನೂನಿನ ಆಳ್ವಿಕೆಯ ಕನಸು ಕಂಡವನು ದೊರೆಯ ಒಂದು ಮಾತಿಗೆ ಬಲಿಯಾದ.

1816ರಲ್ಲಿ ಪೆನ್ಜಾ ಪ್ರಾಂತ್ಯದ ಗವರ್ನರ್ ಆಗಿ ಮತ್ತೆ ಸೇವೆಗೆ ಬಂದ ಆತನನ್ನು 1819ರಲ್ಲಿ ಸೈಬೀರಿಯದ ಗವರ್ನರ್ ಜನರಲ್ ಆಗಿ ನೇಮಿಸಲಾಯಿತು. ಹಿಂದಿನ ಗವರ್ನರ್ ಜನರಲ್ ಇವಾನ್ ಪೆಸ್ತೆಲ್ ತನ್ನ ಅವಧಿಯ ಬಹುಭಾಗವನ್ನು ಪೀಟರ್ಸ್‌ಬರ್ಗಿನಲ್ಲೇ ಕಳೆದಿದ್ದ. ಇರ್ಕುತ್ಸ್ಕ್‌ನಲ್ಲಿ ಗವರ್ನರ್ ತ್ರೆಸ್ಕಿನ್ ಆಡಿದ್ದೇ ಆಟವಾಗಿತ್ತು. ಜನರ ದೂರುಗಳು ರಾಜಧಾನಿ ತಲುಪುವುದೇ ದುಸ್ತರವಾಗಿತ್ತು. ಸ್ಪೆರಾನ್ಸ್ಕಿ ತೊಬೋಲ್ಸ್ಕ್, ತೋಮ್ಸ್ಕ್, ಇರ್ಕುತ್ಸ್ಕ್‌ಗಳಲ್ಲಿ ಸಂಚರಿಸಿ, ಚೀನದ ಗಡಿಯ ಕ್ಯಾಖ್ತಾದವರೆಗೂ ಹೋದ. ಅವನ ತನಿಖೆಯಲ್ಲಿ ಇಬ್ಬರು ಗವರ್ನರುಗಳೂ ನೂರಾರು ಅಧಿಕಾರಿಗಳೂ ಸಿಕ್ಕಿಬಿದ್ದರು.

ಭ್ರಷ್ಟರನ್ನು ಕಿತ್ತೊಗೆದರೆ ಸಾಲದೆಂಬುದನ್ನು ಅವನು ಬಲ್ಲವನಾಗಿದ್ದ. ತ್ರೆಸ್ಕಿನ್ ಹೋದ ಜಾಗಕ್ಕೆ ಮತ್ತೊಬ್ಬ ತ್ರೆಸ್ಕಿನ್ ಬರಬಹುದಷ್ಟೆ. ಆದ್ದರಿಂದಲೇ 1822ರ ಸೈಬೀರಿಯ ಶಾಸನಗಳು ಹುಟ್ಟಿದವು. ಸೈಬೀರಿಯ ಪೂರ್ವ, ಪಶ್ಚಿಮ ಎಂದು ಎರಡಾಯಿತು. ಗವರ್ನರುಗಳ ಪಕ್ಕದಲ್ಲಿ ಸಲಹಾ ಮಂಡಲಿಗಳು ಬಂದವು. ಬುರ್ಯಾತರಂಥ ಅಲೆಮಾರಿ ಸಮುದಾಯಗಳಿಗೆ ತಮ್ಮ ಸಂಪ್ರದಾಯದಂತೆ ಒಳಾಡಳಿತ ನಡೆಸುವ ಅವಕಾಶ ದೊರೆಯಿತು. ಈ ಶಾಸನಗಳ ರಚನೆಯಲ್ಲಿ ಅವನಿಗೆ ನೆರವಾದವನು ಸೈಬೀರಿಯದಲ್ಲೇ ಹುಟ್ಟಿದ ಯುವ ಎಂಜಿನಿಯರ್ ಗವ್ರೀಲ್ ಬಾತೆನ್ಕೋವ್.

ಮೂರೇ ವರ್ಷಗಳಲ್ಲಿ ಡಿಸೆಂಬರ್ ದಂಗೆ ಎದ್ದಿತು. ಬಂಡುಕೋರರು ತಮ್ಮ ತಾತ್ಕಾಲಿಕ ಸರ್ಕಾರಕ್ಕೆ ಯೋಚಿಸಿದ್ದ ಹೆಸರುಗಳಲ್ಲಿ ಸ್ಪೆರಾನ್ಸ್ಕಿಯದೂ ಒಂದು. ಹೊಸ ಝಾರ್ ನಿಕೊಲಾಸ್ ಅದೇ ಸ್ಪೆರಾನ್ಸ್ಕಿಯನ್ನು ಅವರ ನ್ಯಾಯಪೀಠದಲ್ಲಿ ಕೂರಿಸಿದ. ಅಪರಾಧಿಗಳನ್ನು ದರ್ಜೆಗಳಾಗಿ ವಿಂಗಡಿಸುವ ಕೆಲಸ ಅವನ ಪಾಲಿಗೆ ಬಂತು. 1826ರಲ್ಲಿ ಗಲ್ಲಿಗೇರಿದ ಐವರಲ್ಲಿ ಒಬ್ಬ ಪಾವೆಲ್ ಪೆಸ್ತೆಲ್, ಹಿಂದಿನ ಗವರ್ನರ್ ಜನರಲನ ಮಗ. ಬಾತೆನ್ಕೋವ್ ಎರಡು ದಶಕಗಳ ಕಾಲ ಕೋಟೆಯ ಸೆರೆಯಲ್ಲಿ ಒಂಟಿಯಾಗಿ ಕೊಳೆತ. ನೂರಕ್ಕೂ ಹೆಚ್ಚು ಮಂದಿ ಸೈಬೀರಿಯಕ್ಕೆ ನಡೆದರು.

ಸ್ಪೆರಾನ್ಸ್ಕಿಯನ್ನು ಹೇಡಿ ಎಂದು ತಳ್ಳಿಹಾಕುವುದು ನಮಗೆ ಸುಲಭ. ಒಮ್ಮೆ ಗಡೀಪಾರಾದವನಿಗೆ ಝಾರನ ಮುನಿಸಿನ ಅರ್ಥ ಚೆನ್ನಾಗಿ ಗೊತ್ತಿತ್ತು ಎಂಬುದನ್ನೂ ನಾವು ಮರೆಯಲಾಗದು. ಮುಂದೆ ಅವನು ರಷ್ಯದ ಕಾನೂನುಗಳನ್ನೆಲ್ಲ ಕಲೆಹಾಕಿ 1830ರಲ್ಲಿ 45 ಸಂಪುಟಗಳನ್ನೂ, 1832ರಲ್ಲಿ 15 ಸಂಪುಟಗಳ ಸಂಹಿತೆಯನ್ನೂ ಹೊರತಂದ, 1839ರಲ್ಲಿ ತೀರಿಕೊಂಡ. ಗವರ್ನರನ ಕೈಗಳನ್ನು ಕಾನೂನಿನಿಂದ ಕಟ್ಟಲು ಯತ್ನಿಸಿದವನ ಆ ಸಂಹಿತೆಯ ಮೊದಲ ವಿಧಿ ಸಾರುವುದು ಇಷ್ಟೆ: ಚಕ್ರವರ್ತಿಯ ಅಧಿಕಾರಕ್ಕೆ ಮಿತಿಯಿಲ್ಲ.