ಮುಂಬಯಿ ಗಿರಣಿ ಕಾರ್ಮಿಕರ ಮನೆವಾರ್ತೆಯೂ ಸಾಲವೂ

1923ರಲ್ಲಿ ಮುಂಬಯಿ ಸರಕಾರದ ಕಾರ್ಮಿಕ ಕಚೇರಿಯು ನಗರದ ಶ್ರಮಜೀವಿಗಳ ಸಂಸಾರವೆಚ್ಚವನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿತು. ಕಚೇರಿಯ ನಿರ್ದೇಶಕರಾದ ಫಿಂಡ್ಲೆ ಶಿರಾಸರು 1921-22ರಲ್ಲಿ ನಡೆಸಿದ ಈ ವಿಚಾರಣೆಯಲ್ಲಿ 2,473 ಕುಟುಂಬಗಳ ಜಮಾಖರ್ಚನ್ನು ಪರಿಶೀಲಿಸಲಾಗಿತ್ತು. ಧಾನ್ಯ, ಉರುವಲು, ಬಟ್ಟೆಬರೆ, ಖೋಲಿಯ ಬಾಡಿಗೆ ಇವುಗಳ ಲೆಕ್ಕದ ನಡುವೆ ಓದುಗನನ್ನು ತಡೆದು ನಿಲ್ಲಿಸುವ ಅಂಕಿಯೊಂದು ಅದರಲ್ಲಿದೆ: ನೂರಕ್ಕೆ 47 ಕುಟುಂಬಗಳು ಸಾಲದಲ್ಲಿದ್ದವು. ಸಾಲದ ಮೊತ್ತ ಸಾಮಾನ್ಯವಾಗಿ ಎರಡೂವರೆ ತಿಂಗಳ ಗಳಿಕೆಯಷ್ಟು. ಬಡ್ಡಿಯು ರೂಪಾಯಿಗೆ ತಿಂಗಳಿಗೊಂದು ಆಣೆ, ಅಂದರೆ ವರ್ಷಕ್ಕೆ ನೂರಕ್ಕೆ 75. ಎರಡಾಣೆಯ ಬಡ್ಡಿಯೂ ಅಪರೂಪವಾಗಿರಲಿಲ್ಲ.

ಒಂದಾಣೆ ಎಂಬುದು ಕೇಳುವುದಕ್ಕೆ ಅಲ್ಪ. ಆದರೆ ಹದಿನಾರು ತಿಂಗಳಿಗೆ ಬಡ್ಡಿಯೇ ಅಸಲಿನಷ್ಟಾಗುತ್ತದೆ, ಅಸಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಕುಟುಂಬದ ಸರಾಸರಿ ಮಾಸಿಕ ವರಮಾನ ಸುಮಾರು 52 ರೂಪಾಯಿ ಎಂದು ವರದಿಯೇ ಹೇಳುತ್ತದೆ. ಆ ಪ್ರಕಾರ ಸಾಲ 130 ರೂಪಾಯಿಯಾದರೆ ತಿಂಗಳ ಬಡ್ಡಿ ಎಂಟು ರೂಪಾಯಿಗೆ ಮೀರುತ್ತದೆ. ಖೋಲಿಯ ಬಾಡಿಗೆಗೂ ಅಷ್ಟು ಬೀಳುತ್ತಿರಲಿಲ್ಲ. ವರಮಾನದ ಅರ್ಧಕ್ಕಿಂತ ಹೆಚ್ಚು ಭಾಗ ಅನ್ನಕ್ಕೇ ಸಲ್ಲುತ್ತಿದ್ದ ಮನೆಯಲ್ಲಿ ಈ ಎಂಟು ರೂಪಾಯಿ ಎಲ್ಲಿಂದ ಹುಟ್ಟಬೇಕು?

ಇಂಥ ಸಾಲಕ್ಕೆ ಕಾರ್ಮಿಕನ ದುಂದುಗಾರಿಕೆಯೇ ಕಾರಣವೆಂದು, ಮದುವೆ, ಹಬ್ಬ, ಹೆಂಡ ಇವುಗಳನ್ನು ಬೆರಳೆಣಿಸಿ ಹೇಳುವುದು ಅಂದಿನ ವಾಡಿಕೆ. ಮದುವೆಯ ಸಾಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮದುವೆ ದಿನವೂ ನಡೆಯುವುದಿಲ್ಲ. ಊಟ ದಿನವೂ ನಡೆಯಬೇಕು. ಗಿರಣಿಗಳಲ್ಲಿ ಒಂದು ತಿಂಗಳ ಸಂಬಳ ಕೈಗೆ ಬರುತ್ತಿದ್ದುದು ಸಾಮಾನ್ಯವಾಗಿ ಮರುತಿಂಗಳ 10ರಿಂದ 15ರೊಳಗೆ. ಜೂನ್ 1ರಂದು ಕೆಲಸಕ್ಕೆ ಸೇರಿದವನು ಜುಲೈ ನಡುವಿನವರೆಗೆ, ಆರು ವಾರಗಳ ಕಾಲ, ಉದ್ರಿಯ ಮೇಲೆಯೇ ಬದುಕಬೇಕಾಗಿತ್ತು. ಸಂಸಾರವಿದ್ದವನು ಕಿರಾಣಿ ಅಂಗಡಿಯಲ್ಲಿ ಖಾತೆ ತೆರೆಯುತ್ತಿದ್ದನು. ಒಂಟಿಯಾಗಿ ಬಂದವನು ಖಾನಾವಳಿಯ ಬಾಯಿಗೆ ಋಣಿಯಾಗುತ್ತಿದ್ದನು. ಸಂಬಳ ಬಂದೊಡನೆ ಅದು ಹಿಂದಿನ ಬಾಕಿಗೆ ಸಂದು, ಮುಂದಿನ ತಿಂಗಳಿಗೆ ಮತ್ತೆ ಉದ್ರಿಯೇ ಗತಿ. ಖಾತೆಯಲ್ಲಿ ಬಾಕಿ ಉಳಿದವನು ಬೇರೆ ಅಂಗಡಿಗೆ ಹೋಗಲಾರನು, ದರದ ವಿಷಯದಲ್ಲಿ ಚರ್ಚಿಸಲಾರನು. ಕೆಲಸ ಕೊಡಿಸಿದ ಜಾಬರನೇ ಕೆಲವೆಡೆ ಸಾಲವನ್ನೂ ಕೊಡುತ್ತಿದ್ದನೆಂಬುದನ್ನು ನೆನೆದರೆ ಹಂಗಿನ ಭಾರ ಇನ್ನೂ ಸ್ಪಷ್ಟವಾಗುತ್ತದೆ. ಮನೆಯೊಡತಿ ಎಷ್ಟೇ ಜಾಣ್ಮೆಯಿಂದ ಮನೆ ತೂಗಿಸಿದರೂ ಈ ಆರು ವಾರಗಳ ಕಂದಕವನ್ನು ಮಿತವ್ಯಯದಿಂದ ಮುಚ್ಚುವುದು ಸಾಧ್ಯವಿರಲಿಲ್ಲ.

ಬಿಡುಗಡೆಯ ದಾರಿಗಳಲ್ಲಿ ಮೊದಲನೆಯದು ಸಹಕಾರ. 1904ರ ಶಾಸನದ ಮೇರೆಗೆ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳ್ತನದಿಂದ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಮರುವರ್ಷ ಮುಂಬಯಿಯಲ್ಲಿ, ಕೆನರಾ ಮೂಲದ ಸಾರಸ್ವತರಿಗಾಗಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಶಾಮರಾವ್ ವಿಠ್ಠಲರ ಹೆಸರಿನಲ್ಲಿ ಇಂಥದೇ ಸಂಘವನ್ನು ಸ್ಥಾಪಿಸಿದರು. ಒಬ್ಬರನ್ನೊಬ್ಬರು ಬಲ್ಲ, ಓದುಬರಹ ಬಲ್ಲ ಜನರಿಗೆ ಈ ಏರ್ಪಾಡು ಒದಗಿತು. ಆದರೆ ಅಡವಿಡಲು ಏನೂ ಇಲ್ಲದ, ಇಂದು ಕೆಲಸವಿದ್ದು ನಾಳೆ ಇಲ್ಲದ ಬದಲಿ ಕೂಲಿಗೆ ಜಾಮೀನು ನಿಲ್ಲುವವರಾರು? ಗಿರಣಿಯ ಬಾಗಿಲಲ್ಲಿ ಸಂಬಳದ ದಿನ ದೊಣ್ಣೆ ಹಿಡಿದು ಕಾಯುವ ಲೇವಾದೇವಿಗಾರ ಜಾಮೀನನ್ನು ಕೇಳುತ್ತಿರಲಿಲ್ಲ. ಅವನ ಬಲ ಅಲ್ಲಿತ್ತು.

ಎರಡನೆಯ ದಾರಿ ಶಾಸನ. ಹೆಚ್ಚಿನ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕಾರ್ಮಿಕರು ಸಾಲಗಾರರೆಂದು 1931ರಲ್ಲಿ ವ್ಹಿಟ್ಲಿ ಆಯೋಗವು ಅಂದಾಜು ಮಾಡಿತು. ಸಂಬಳದ ಅವಧಿ ಕುಗ್ಗಬೇಕು, ವಿಳಂಬ ತಪ್ಪಬೇಕು ಎಂದು ಸೂಚಿಸಿತು. 1936ರ ವೇತನ ಪಾವತಿ ಕಾಯಿದೆಯು 1937ರ ಮಾರ್ಚ್ 28ರಂದು ಜಾರಿಗೆ ಬಂದಿತು. ಸಾವಿರಕ್ಕಿಂತ ಕಡಿಮೆ ಜನರಿರುವ ಕಾರಖಾನೆಯಲ್ಲಿ ಮರುತಿಂಗಳ 7ನೆಯ ದಿನದೊಳಗೆ, ಉಳಿದೆಡೆ 10ನೆಯ ದಿನದೊಳಗೆ ಸಂಬಳ ಸಲ್ಲಬೇಕೆಂದು ಅದು ವಿಧಿಸಿತು. ಮುಂಬಯಿಯ ದೊಡ್ಡ ಗಿರಣಿಗಳೆಲ್ಲ ಎರಡನೆಯ ವರ್ಗಕ್ಕೆ ಸೇರಿದವು. ಆದುದರಿಂದ ಅಲ್ಲಿನ ಕಾರ್ಮಿಕನಿಗೆ ದೊರೆತ ಲಾಭ ಹೆಚ್ಚೆಂದರೆ ನಾಲ್ಕೈದು ದಿನ. ತಿಂಗಳಿಗೊಮ್ಮೆ ಸಂಬಳವೆಂಬ ಪದ್ಧತಿಯನ್ನು ಕಾಯಿದೆ ಮುಟ್ಟಲಿಲ್ಲ; ಹೊಸದಾಗಿ ಸೇರಿದವನು ಮೊದಲ ಸಂಬಳಕ್ಕೆ ಆಮೇಲೆಯೂ ಐದು ವಾರಗಳಿಗೆ ಮೇಲ್ಪಟ್ಟು ಕಾಯಬೇಕಾಯಿತು, ಕಿರಾಣಿಯ ಖಾತೆಯೂ ಹಾಗೆಯೇ ತೆರೆದುಕೊಳ್ಳುತ್ತಿತ್ತು.